ಎರಡು ಎಕರೆ ಲೇಔಟ್‌ಗೆ ಇಷ್ಟೊಂದು ಇಂಜಿನಿಯರಿಂಗ್ ಡ್ರಾಯಿಂಗ್ ಯಾಕೆ ಕೇಳುತ್ತಾರೆ?

ನಿಮ್ಮ ಪ್ರಶ್ನೆ ಇದು, ಅಲ್ವಾ? ತುಮಕೂರಿನ ಹೊರಗೆ ಎರಡು ಎಕರೆ ಜಮೀನಿದೆ. ಕನ್ವರ್ಷನ್ (ಭೂಪರಿವರ್ತನೆ) ಆಗಿದೆ, ಸೈಟು ಮಾಡಿ ಮಾರಬೇಕು. ಯೋಜನಾ ಪ್ರಾಧಿಕಾರದಲ್ಲಿ ಲೆವೆಲ್ (ನೆಲದ ಏರುತಗ್ಗಿನ ಅಳತೆ) ಸಮೇತ ಸರ್ವೆ, ಮಳೆನೀರಿನ ಚರಂಡಿ, ಯುಜಿಡಿ (ನೆಲದಡಿಯ ಒಳಚರಂಡಿ), ನೀರು, ಕರೆಂಟ್ ಎಲ್ಲದರ ಡ್ರಾಯಿಂಗ್ ಕೇಳಿದ್ದಾರೆ. ನಿಮ್ಮ ಬ್ರೋಕರ್ ಮಾತ್ರ "ಸುಮ್ನೆ ಫಾರ್ಮಾಲಿಟಿ ಸರ್, ಪಕ್ಕದ ಲೇಔಟಿನ ಸೆಟ್ ಇದೆ, ಹೆಸರು ಬದಲಾಯಿಸಿ ಕೊಡೋಣ" ಅನ್ನುತ್ತಿದ್ದಾರೆ.

ಆ ಕೆಲಸ ಮಾಡಬೇಡಿ. ನಾನು ಹದಿನೈದು ವರ್ಷದಿಂದ ಲೇಔಟ್ ಕೆಲಸ ಮಾಡಿಸುವ ಸಿವಿಲ್ ಇಂಜಿನಿಯರ್. ಶುರುವಿನಲ್ಲಿ ಒಂದು ಸಲ ನಾನೂ ಹಾಗೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಆ ಕಥೆ ಹೇಳುವ ಮೊದಲು ಒಂದು ಮಾತು.

ಕನ್ವರ್ಷನ್ ಬೇರೆ, ಲೇಔಟ್ ಅಪ್ರೂವಲ್ ಬೇರೆ. ಭೂ ಕಂದಾಯ ಕಾಯ್ದೆ 1964ರ 95ನೇ ಸೆಕ್ಷನ್‌ನಲ್ಲಿ ಸಿಗುವುದು ಹೊಲವನ್ನು ಬೇರೆ ಉದ್ದೇಶಕ್ಕೆ ಬಳಸುವ ಅನುಮತಿ ಅಷ್ಟೇ. ಅದನ್ನು ತುಂಡು ಮಾಡಿ ಸೈಟು ಹಾಕಲು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 17ನೇ ಸೆಕ್ಷನ್ ಪ್ರಕಾರ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು. ಕನ್ವರ್ಷನ್ನಿನ ಡಿಸಿ ಆದೇಶ ಕೈಗೆ ಬಂದ ದಿನವೇ ಕಲ್ಲು ನೆಡಿಸಿ ಅಡ್ವಾನ್ಸ್ ತೆಗೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಒಪ್ಪಿಗೆ ಕೊಡುವಾಗ ಎರಡು ರೀತಿ ನೋಡುತ್ತಾರೆ. ಪ್ಲ್ಯಾನಿಂಗ್ ಕಡೆಯವರು ರಸ್ತೆ ಎಷ್ಟು ಅಗಲ, ಪಾರ್ಕ್ ಎಲ್ಲಿ, ಸಿಎ ಸೈಟ್ (ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಬಿಡುವ ಜಾಗ) ಎಲ್ಲಿ ಅಂತ ಉದ್ದಗಲ ನೋಡುತ್ತಾರೆ. ಇಂಜಿನಿಯರ್ ನೋಡುವುದು ಏರುತಗ್ಗು. ಬ್ರೋಕರ್ ಕೊಡುವ ಕಾಪಿ ಮೊದಲನೆಯದರಲ್ಲಿ ಹೇಗೋ ಪಾಸಾಗಬಹುದು. ಎರಡನೆಯದರಲ್ಲಿ ಆಗಲ್ಲ. ಪಕ್ಕದವರ ಜಮೀನಿನ ಇಳಿಜಾರು ನಿಮ್ಮದಲ್ಲವಲ್ಲ!

ಈಗ ನನ್ನ ಕಥೆ. ಆ ಜಮೀನು ಮುಖ್ಯರಸ್ತೆಯಿಂದ ಹಿಂದಕ್ಕೆ ಸುಮಾರು 120 ಮೀಟರ್ ಉದ್ದ. ರಸ್ತೆಯಲ್ಲಿ ಊರಿನ ಯುಜಿಡಿ ಲೈನ್ ಹೋಗಿತ್ತು. ಬೇರೆ ಲೇಔಟಿನ ಡ್ರಾಯಿಂಗ್ ಇಟ್ಟುಕೊಂಡು ಪೈಪನ್ನು ರಸ್ತೆ ಕಡೆಗೆ ತೋರಿಸಿಬಿಟ್ಟೆ. 150 ಮಿಲಿಮೀಟರ್ ಪೈಪಿನಲ್ಲಿ ಗಲೀಜು ನಿಲ್ಲದೆ ಹರಿಯಬೇಕಾದರೆ ಸುಮಾರು 170 ಮೀಟರಿಗೆ ಒಂದು ಮೀಟರ್ ಇಳಿಜಾರು ಬೇಕು. ಅಂದರೆ ನಮ್ಮ ಉದ್ದಕ್ಕೆ 70 ಸೆಂಟಿಮೀಟರ್. ಆದರೆ ನೆಲ ರಸ್ತೆಯಿಂದ ಹಿಂದಕ್ಕೆ ಹೋಗ್ತಾ ಒಂದೂವರೆ ಮೀಟರ್ ತಗ್ಗಾಗಿತ್ತು. ಕಣ್ಣಿಗೆ ಗೊತ್ತೇ ಆಗುತ್ತಿರಲಿಲ್ಲ, ರಾಗಿ ಹೊಲ. ಹಿಂದಿನ ತುದಿಯಲ್ಲಿ ಪೈಪು ನೆಲದಿಂದ 90 ಸೆಂಟಿಮೀಟರ್ ಆಳದಲ್ಲಿ ಶುರುವಾದರೂ, ರಸ್ತೆ ಮುಟ್ಟುವಷ್ಟರಲ್ಲಿ ಮೂರು ಮೀಟರಿಗಿಂತ ಆಳಕ್ಕೆ ಹೋಗಬೇಕು. ಊರಿನ ಮ್ಯಾನ್‌ಹೋಲಿನ ತಳ ಇದ್ದದ್ದು 1.4 ಮೀಟರ್ ಆಳದಲ್ಲಿ. ನೀರು ಮೇಲಕ್ಕೆ ಹತ್ತಬೇಕು!

ಕಡತ ನೋಡಿದ ಎಇಇ (ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್) ಕೇಳಿದ್ದು ಒಂದೇ ಪ್ರಶ್ನೆ: "ಮ್ಯಾನ್‌ಹೋಲ್ ಮುಚ್ಚಳ ತೆಗೆಸಿ ಲೆವೆಲ್ ನೋಡಿದ್ರಾ?" ನೋಡಿರಲಿಲ್ಲ. ಅಷ್ಟು ಹೊತ್ತಿಗೆ ಮಾಲೀಕರು ನನ್ನ ಮಾತು ನಂಬಿ ಅರ್ಧ ಪೈಪ್ ಹೂಳಿಸಿದ್ದರು. ಎಲ್ಲ ಕೀಳಿಸಿ, ಹಿಂದಿನ ತಗ್ಗಿನಲ್ಲಿ ಒಂದು ತೊಟ್ಟಿ ಕಟ್ಟಿಸಿ, ಪಂಪಿನಿಂದ ಎತ್ತುವ ವ್ಯವಸ್ಥೆ ಮಾಡಬೇಕಾಯಿತು. ಆ ತೊಟ್ಟಿಗೆ ಹೋದದ್ದು ಒಂದು ಕಾರ್ನರ್ ಸೈಟು. ಅದಕ್ಕೆ ಆಗಲೇ ಅಡ್ವಾನ್ಸ್ ಬಂದಿತ್ತು. ಆ ಮಾಲೀಕರ ಮನೆಯಲ್ಲಿ ನನಗೆ ಇವತ್ತಿಗೂ ಕಾಫಿ ಸಿಗಲ್ಲ.

ಮಳೆನೀರಿನ ಲೆಕ್ಕ ಇನ್ನೂ ಸೂಕ್ಷ್ಮ. ನಿಮ್ಮ ಎರಡು ಎಕರೆಗೆ ಬಿದ್ದ ಮಳೆ ಒಂದು ಕಡೆ ಇರಲಿ, ಮೇಲಿನ ಹೊಲಗಳ ನೀರು ಇಷ್ಟು ದಿನ ನಿಮ್ಮ ಜಮೀನಿನ ಮೇಲೇ ಹಾದು ಹೋಗುತ್ತಿತ್ತು ತಾನೇ? ಕಾಂಪೌಂಡ್ ಹಾಕಿದರೆ ಅದು ಎಲ್ಲಿಗೆ ಹೋಗಬೇಕು? ಹೊಲವಾಗಿದ್ದಾಗ ಅರ್ಧ ನೀರು ಇಂಗುತ್ತಿತ್ತು. ಡಾಂಬರು, ಕಾಂಕ್ರೀಟ್, ತಾರಸಿ ಬಂದರೆ ಬಹುಪಾಲು ಹರಿದೇ ಹೋಗುತ್ತದೆ, ಅದೂ ಬೇಗ. ಗ್ರಾಮ ನಕ್ಷೆ ತೆಗೆಸಿ, ಹಳ್ಳ ಅಥವಾ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ) ಇದೆಯಾ ನೋಡಿ. ಈಗ ಒಣಗಿ ಮುಚ್ಚಿಹೋಗಿದ್ದರೂ ನಕ್ಷೆಯಲ್ಲಿದ್ದರೆ ಅದು ಹಳ್ಳವೇ. ಅದರ ಮೇಲೆ ಸೈಟು ಬರೆದರೆ ಕಡತ ವಾಪಸ್ ಬರುತ್ತದೆ. ಚರಂಡಿ ಕೊನೆಗೆ ಎಲ್ಲಿ ಸೇರುತ್ತದೆ ಅಂತಲೂ ತೋರಿಸಬೇಕು. ಬಾಣದ ಗುರುತು ಹಾಕಿ ಪಕ್ಕದವರ ತೋಟದ ಬೇಲಿಗೆ ನಿಲ್ಲಿಸಿದರೆ ಒಪ್ಪಲ್ಲ, ಪಕ್ಕದವರೂ ಒಪ್ಪಲ್ಲ.

ಕರೆಂಟ್ ಅಷ್ಟು ತಲೆನೋವಲ್ಲ. ಬೆಸ್ಕಾಂನಲ್ಲಿ ಎಸ್ಟಿಮೇಟ್ ಮಾಡಿಸಿ, ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ನಿಮ್ಮ ಖರ್ಚಿನಲ್ಲೇ, ಅಂದರೆ ಸೆಲ್ಫ್ ಎಕ್ಸಿಕ್ಯೂಷನ್‌ನಲ್ಲಿ ಕಂಬ, ಟಿಸಿ (ಟ್ರಾನ್ಸ್‌ಫಾರ್ಮರ್) ಹಾಕಿಸಬಹುದು. ಮೇಲೆ ಹೈಟೆನ್ಷನ್ ಲೈನ್ ಹೋಗಿದ್ದರೆ ಮಾತ್ರ ಮೊದಲೇ ಹೇಳಿ, ನಕ್ಷೆಯೇ ಬದಲಾಗುತ್ತದೆ.

ಅಪ್ರೂವಲ್ ಸಿಕ್ಕ ಮೇಲೆ ಮುಗಿಯಿತು ಅಂದುಕೊಳ್ಳಬೇಡಿ. ರಸ್ತೆ, ಪಾರ್ಕ್ ಜಾಗವನ್ನು ಬರೆದುಕೊಡಬೇಕು. ಸೈಟುಗಳನ್ನು ಕೆಲಸ ಆದ ಹಾಗೆ ಕಂತಿನಲ್ಲಿ ಬಿಡುತ್ತಾರೆ. 40:30:30 ಅಂತ ಕೇಳಿರುತ್ತೀರಿ, ಅದು ಇದೇ: ನೂರರಲ್ಲಿ ಮೊದಲು 40 ಸೈಟು, ಆಮೇಲೆ 30, ಕೊನೆಗೆ 30. ಹಾಗಾಗಿ ಯುಜಿಡಿ ಮಾಡಿದಾಗ ಮುಚ್ಚುವ ಮೊದಲು ತೋರಿಸಿ. ಕಾಂಕ್ರೀಟ್ ಹಾಕುವ ದಿನ ಅದೇ ಕಾಂಕ್ರೀಟಿನ 150 ಮಿಲಿಮೀಟರ್ ಕ್ಯೂಬ್ ತೆಗೆದಿಟ್ಟು 28 ದಿನದ ಗಟ್ಟಿತನದ ಟೆಸ್ಟ್ ರಿಪೋರ್ಟ್ ಇಟ್ಟುಕೊಳ್ಳಿ. ಫೋಟೋ ಜಾಸ್ತಿ ತೆಗೆಯಿರಿ.

ಬ್ರೋಕರ್ ಹೇಳಿರದ ಇನ್ನೊಂದು ವಿಷಯ ಇದೆ. ಎರಡು ಎಕರೆ ಅಂದರೆ 8,000 ಚದರ ಮೀಟರಿಗಿಂತ ಜಾಸ್ತಿ. 500 ಚದರ ಮೀಟರ್ ದಾಟಿದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು, ಅದಿಲ್ಲದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ಸ್ವಾಧೀನ ಕೊಟ್ಟ ಮೇಲೂ ಐದು ವರ್ಷ ಕೆಲಸದ ದೋಷ ನಿಮ್ಮ ತಲೆಗೇ. ಚರಂಡಿ ಕಟ್ಟಿಕೊಂಡರೆ ಜನ ಹುಡುಕಿಕೊಂಡು ಬರುವುದು ನಿಮ್ಮನ್ನು, ಬ್ರೋಕರನ್ನಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಟೋಟಲ್ ಸ್ಟೇಷನ್ (ದೂರ, ಎತ್ತರ ಅಳೆಯುವ ಸರ್ವೆ ಉಪಕರಣ) ಇರುವ ಸರ್ವೆಯವರಿಂದ ಕಾಂಟೂರ್, ಅಂದರೆ ಏರುತಗ್ಗಿನ ನಕ್ಷೆ, ಮಾಡಿಸಿ. ನಿಮ್ಮ ಗಡಿಯಿಂದಾಚೆ ಒಂದಿಷ್ಟು ದೂರದವರೆಗೂ ಲೆವೆಲ್ ತೆಗೆಯಲು ಹೇಳಿ. ಹತ್ತಿರದ ಮ್ಯಾನ್‌ಹೋಲಿನ ಆಳವನ್ನು ಸ್ಥಳೀಯ ಸಂಸ್ಥೆಯವರ ಎದುರಲ್ಲೇ ಮೇಲಿಂದ ಸ್ಟಾಫ್ (ಅಳತೆ ಗುರುತಿನ ಉದ್ದ ಕೋಲು) ಇಳಿಬಿಟ್ಟು ಅಳೆಯಿರಿ. ಯಾರನ್ನೂ ಒಳಗೆ ಇಳಿಸಬೇಡಿ, ಅದು ಅಪರಾಧ, ಪ್ರಾಣಕ್ಕೂ ಅಪಾಯ. ನಿಮ್ಮ ಜಮೀನು ರಸ್ತೆ ಕಡೆಗೆ ಇಳಿಜಾರಾ, ಹಿಂದಕ್ಕಾ? ಅದನ್ನು ಕಾಮೆಂಟಿನಲ್ಲಿ ಹಾಕಿ, ಮುಂದಿನದು ಹೇಳುತ್ತೇನೆ.