ಐದು ದಿನದ ಹೆಣ್ಣುಮಗುವಿನ ಬಟ್ಟೆಯಲ್ಲಿ ರಕ್ತ ಕಂಡರೆ ಮುಂದೆ ಎಂಡೊಮೆಟ್ರಿಯೋಸಿಸ್ ಬರುತ್ತದೆಯೇ?

ಹುಟ್ಟಿದ ಐದನೆಯ ದಿನ ಮಗಳ ಬಟ್ಟೆಯಲ್ಲಿ ರಕ್ತದ ಕಲೆ ಕಂಡಿತೆಂದೂ, ಎರಡೇ ದಿನದಲ್ಲಿ ತಾನಾಗಿ ನಿಂತಿತೆಂದೂ, ಆದರೆ ಇಂಥ ಮಕ್ಕಳಿಗೆ ದೊಡ್ಡವರಾದ ಮೇಲೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪೊರೆಯಂಥ ಪೊರೆ ಅದರ ಹೊರಗೆ ಬೆಳೆದು ನೋವು ಕೊಡುವ ರೋಗ) ಬರುತ್ತದೆಂದು ಓದಿದಂದಿನಿಂದ ನಿದ್ದೆಯಿಲ್ಲವೆಂದೂ ಬರೆದಿದ್ದೀರಿ. ನಾನು ಕಾಸರಗೋಡಿನ ಬದಿಯಡ್ಕದ ಕಡೆಯವಳು. ಹೆರಿಗೆ ವಾರ್ಡಿನಲ್ಲಿ ಬಹುಕಾಲ ದಾದಿಯಾಗಿದ್ದೆ. ಈ ಕಲೆ ಕಂಡು ಬೆಚ್ಚಿದ ಬಾಣಂತಿಯರನ್ನೂ ಅವರಿಗಿಂತ ಹೆಚ್ಚು ಬೆಚ್ಚಿದ ಅಜ್ಜಿಯಂದಿರನ್ನೂ ಸಮಾಧಾನಪಡಿಸಿದ್ದೇನೆ.

ಹೊಟ್ಟೆಯೊಳಗಿರುವಾಗ ತಾಯಿಯಿಂದಲೂ ಮಾಸಿನಿಂದಲೂ ಬರುವ ಈಸ್ಟ್ರೋಜನ್, ಪ್ರೊಜೆಸ್ಟರೋನ್‌ಗಳಿಂದ ಮಗುವಿನ ಪುಟ್ಟ ಗರ್ಭಕೋಶದ ಒಳಪೊರೆ ಬೆಳೆದಿರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಆ ಹಾರ್ಮೋನುಗಳು ಇಳಿದುಹೋಗುವುದರಿಂದ, ಕೆಲವು ಮಕ್ಕಳಲ್ಲಿ ಮೊದಲ ವಾರದಲ್ಲೇ ಆ ಪೊರೆ ಕಳಚಿ ರಕ್ತ ಕಾಣಿಸುತ್ತದೆ. ನೂರರಲ್ಲಿ ಸುಮಾರು 3ರಿಂದ 5 ಹೆಣ್ಣುಶಿಶುಗಳಲ್ಲಿ ಕಣ್ಣಿಗೆ ಕಾಣುವ ಈ ಸ್ರಾವಕ್ಕೆ ಚಿಕಿತ್ಸೆ ಬೇಕಿಲ್ಲ. ರಕ್ತ ಹೆಚ್ಚಾದರೆ, ಹತ್ತು ದಿನ ಕಳೆದರೂ ನಿಲ್ಲದಿದ್ದರೆ, ಇಲ್ಲವೇ ಹೊಕ್ಕುಳು, ಮೂಗು, ಮಲದಲ್ಲಿಯೂ ಕಂಡರೆ ಮಾತ್ರ ಕೂಡಲೇ ಮಕ್ಕಳ ವೈದ್ಯರಿಗೆ ತೋರಿಸಬೇಕು. ಅದು ವಿಟಮಿನ್ ಕೆ ಕೊರತೆಯ ರಕ್ತಸ್ರಾವವೂ ಇರಬಹುದು.

ಇನ್ನು ನಿಮ್ಮ ನಿಜವಾದ ಭಯದ ವಿಷಯ. ಮುಟ್ಟಿನ ರಕ್ತದ ಒಂದಂಶ ಡಿಂಬನಾಳದ ಮೂಲಕ ಹಿಂದಕ್ಕೆ ಹರಿದು, ಅದರೊಡನೆ ಹೋದ ಒಳಪೊರೆಯ ಕಣಗಳು ಹೊಟ್ಟೆಯೊಳಗೆ ಬೇರೂರಿ ಎಂಡೊಮೆಟ್ರಿಯೋಸಿಸ್ ಆಗುತ್ತದೆಂದು 1927ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಜಾನ್ ಸ್ಯಾಂಪ್ಸನ್ ಹೇಳಿದ್ದರು. ಆದರೆ ಮೈನೆರೆದ ಸ್ವಲ್ಪ ಕಾಲದಲ್ಲೇ, ಕೆಲವೊಮ್ಮೆ ಮೈನೆರೆಯುವ ಮೊದಲೇ, ಹುಡುಗಿಯರಲ್ಲಿ ಈ ರೋಗ ಕಂಡುಬರುವುದೇಕೆ? ಇದಕ್ಕೆ ಉತ್ತರವಾಗಿ ಬೆಲ್ಜಿಯಮ್ಮಿನ ಐವೊ ಬ್ರೋಸೆನ್ಸ್ ಮತ್ತು ಇಟಲಿಯ ಜುಸೆಪ್ಪೆ ಬೆನಜಿಯಾನೊ ಮೊದಲಾದ ಸ್ತ್ರೀರೋಗ ತಜ್ಞರು ನವಜಾತ ಶಿಶುವಿನ ರಕ್ತಸ್ರಾವದತ್ತ ಬೊಟ್ಟುಮಾಡಿದರು. ಶಿಶುವಿನ ಗರ್ಭಕೋಶದಲ್ಲಿ ಕೊರಳೇ ಉದ್ದ, ಅದರೊಳಗೆ ದಪ್ಪ ಲೋಳೆ. ಹೊರದಾರಿ ಕಟ್ಟಿದ್ದರಿಂದ ರಕ್ತ ಹಿಮ್ಮುಖವಾಗಿ ಹರಿದು, ಕಾಂಡಕೋಶಗಳು (ಹೊಸ ಪೊರೆಯಾಗಿ ಬೆಳೆಯಬಲ್ಲ ಮೂಲಕಣಗಳು) ಒಳಗೆ ಉಳಿದು, ಹರೆಯದ ಈಸ್ಟ್ರೋಜನ್ ಬರುವವರೆಗೆ ಮಲಗಿರಬಹುದೆಂಬುದು ಅವರ ವಾದ.

ವಾದ ಬಲವಾದುದೇ, ಆದರೆ ಇದು ಸಾಬೀತಾದ ಸಂಗತಿಯಲ್ಲ. ಎಂಡೊಮೆಟ್ರಿಯೋಸಿಸ್ ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 10 ಮಂದಿಗಿದೆ. ಕಣ್ಣಿಗೆ ಕಾಣುವ ಶಿಶುಸ್ರಾವ ಅದರ ಅರ್ಧವನ್ನೂ ದಾಟುವುದಿಲ್ಲ. ಅಂದರೆ ರೋಗ ಬಂದ ಹಲವರಿಗೆ ಆ ಕಲೆ ಕಂಡಿರಲಾರದು. ಸೂಕ್ಷ್ಮದರ್ಶಕಕ್ಕೆ ಮಾತ್ರ ಸಿಗುವ ಸ್ರಾವ ಇನ್ನೂ ಹಲವರಲ್ಲಿರುತ್ತದೆ, ಆದ್ದರಿಂದ ಕಲೆ ಕಂಡಿತೆಂದು ನಿಮ್ಮ ಮಗಳೊಬ್ಬಳನ್ನೇ ರೋಗಿಯೆಂದು ಎಣಿಸುವುದು ಅನ್ಯಾಯ.

ನಾನು ಕೇಳಿಕೊಳ್ಳುವುದು ಒಂದೇ: ಎಷ್ಟನೆಯ ದಿನ ಕಂಡಿತು, ಎಷ್ಟು ದಿನವಿತ್ತು ಎಂಬುದನ್ನು ಮಗುವಿನ ಕಾರ್ಡಿನಲ್ಲಿ ಬರೆಸಿಡಿ. ನಮ್ಮ ಗಡಿಯಲ್ಲಿ ಹೆರಿಗೆ ಮಂಗಳೂರಿನಲ್ಲಾಗಿ ಚುಚ್ಚುಮದ್ದು ಇಲ್ಲಿ ನಡೆಯುವುದರಿಂದ ಕಾಗದಗಳು ಎರಡು ರಾಜ್ಯಗಳಲ್ಲಿ ಚದುರಿ, ಹದಿಮೂರು ವರ್ಷದ ಮೇಲೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಆ ವಯಸ್ಸಿನಲ್ಲಿ ಅವಳು ಮುಟ್ಟಿನ ನೋವಿಗೆ ಶಾಲೆ ತಪ್ಪಿಸುವಂತಾದರೆ, ಮನೆಯವರು ‘ಹೆಣ್ಣಿಗೆ ಇದ್ದದ್ದೇ’ ಎಂದರೂ ಕೇಳದೆ, ಆ ಬರಹವನ್ನು ಹಿಡಿದುಕೊಂಡು ಸ್ತ್ರೀರೋಗ ತಜ್ಞರಲ್ಲಿಗೆ ಕರೆದೊಯ್ಯಿರಿ.