ಹಳೇ ಕ್ರೆಡಿಟ್ ಕಾರ್ಡ್ ಬಾಕಿ: ₹9,000ಕ್ಕೆ ಸೆಟಲ್ ಮಾಡಲೋ, ಸಿಬಿಲ್‌ನಲ್ಲಿ ಡಿಸ್‌ಪ್ಯೂಟ್ ಹಾಕಲೋ?

2016ರ ಹೊತ್ತಿನ ಕಾರ್ಡಿಗೆ 31 ಸಾವಿರ ಬಾಕಿ ತೋರಿಸುತ್ತಿದ್ದಾರೆ, ಒಂಬತ್ತು ಸಾವಿರಕ್ಕೆ ಮುಗಿಸೋಣ ಅನ್ನುತ್ತಾನೆ ವಸೂಲಿ ಏಜೆಂಟ್; ಕಟ್ಟಲೋ, ಸಿಬಿಲ್‌ನಲ್ಲಿ (ನಮ್ಮ ಸಾಲಗಳ ದಾಖಲೆ ಇಡುವ ಕಂಪನಿ) ಡಿಸ್‌ಪ್ಯೂಟ್, ಅಂದರೆ ತಕರಾರು, ಹಾಕಲೋ ಅಂತ ಕೇಳಿದ್ದೀರಿ. ‘ಸಂಜೆ ಐದರ ಒಳಗೆ ಕಟ್ಟಿದರೆ ಮಾತ್ರ ಈ ಆಫರ್’ ಅಂದನಾ ನಿಮ್ಮ ಏಜೆಂಟ್? ನನಗೂ ಹಾಗೇ ಅಂದಿದ್ದ. ಅದೇ ಐದು ಗಂಟೆ.

ನಾನು ಮಂಗಳೂರಿನವ. 2013ರಲ್ಲಿ ಕಾರ್ಡ್ ಮಾಡಿಸಿದ್ದೆ. 2015ರಲ್ಲಿ ಕುವೈತಿಗೆ ಹೊರಡುವ ಮೊದಲು ಬಾಕಿ ಪೂರ್ತಿ ಕಟ್ಟಿ, ಬ್ರಾಂಚಿಗೆ ಹೋಗಿ ಕಾರ್ಡ್ ಬಂದ್ ಮಾಡಲು ಅರ್ಜಿ ಕೊಟ್ಟು ಹೋದೆ. ಬಂದ್ ಆಯಿತು ಅಂದುಕೊಂಡೆ. ಆಗಿರಲಿಲ್ಲ. ಇಲ್ಲಿ ವಾರ್ಷಿಕ ಶುಲ್ಕ ಬಿತ್ತು, ಅದಕ್ಕೆ ಲೇಟ್ ಫೀ, ಬಡ್ಡಿ, ಬಡ್ಡಿಯ ಮೇಲೆ ಜಿಎಸ್‌ಟಿ. 2022ರಲ್ಲಿ ಊರಿಗೆ ಬಂದು, ಕೊಟ್ಟಾರದಲ್ಲಿ ಫ್ಲಾಟ್ ನೋಡಿ ಲೋನಿಗೆ ಹೋದರೆ ಮ್ಯಾನೇಜರ್ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ‘ರಿಟನ್ ಆಫ್’ (ವಸೂಲಾಗದೆಂದು ಬ್ಯಾಂಕ್ ತನ್ನ ಲೆಕ್ಕದಿಂದ ತೆಗೆದ ಸಾಲ), 38 ಸಾವಿರ ಚಿಲ್ಲರೆ.

ವಾರದೊಳಗೆ ಏಜೆಂಟ್ ಮನೆಗೇ ಬಂದ. ಆಟಿ ತಿಂಗಳ ಮಳೆ, ಪಾಪ ಚಂಡಿಯಾಗಿದ್ದ, ಅಮ್ಮ ಕಾಫಿ ಕೊಟ್ಟರು. ಜಗಲಿಯಲ್ಲಿ ಕೂತು ಅವನು ಹೇಳಿದ, ನಾನು ಬರೆದೆ: ‘ಸದ್ರಿ ಬಾಕಿ ನನ್ನದೇ ಎಂದು ಒಪ್ಪಿದ್ದೇನೆ, ಮೂರು ಕಂತಿನಲ್ಲಿ ಕಟ್ಟುತ್ತೇನೆ.’ ಕೆಳಗೆ ಸಹಿ. ನಾಲ್ಕು ಸಾವಿರ ಜೀಪೇ ಮಾಡಿದೆ. ಒಳಗಿನಿಂದ ಅಮ್ಮ ‘ಮಗಾ, ಅಣ್ಣನಿಗೊಮ್ಮೆ ತೋರಿಸು’ ಅಂದದ್ದು ಕೇಳಿಸಿತ್ತು. ಕೇಳಿಸದವನ ಹಾಗೆ ಕೂತೆ.

ನನ್ನ ತಪ್ಪು ಆ ನಾಲ್ಕು ಸಾವಿರವಲ್ಲ ಮಾರಾಯ್ರೇ. ದುಡ್ಡು ಹೋದರೆ ಹೋಯಿತು. ತಪ್ಪು ಆ ಕಾಗದ. ಇಂಥ ಸಾಲಕ್ಕೆ ಕೋರ್ಟಿಗೆ ಹೋಗಲು ಬ್ಯಾಂಕಿಗಿರುವ ಅವಧಿ ಮೂರು ವರ್ಷ. 1963ರ ಲಿಮಿಟೇಶನ್ ಕಾಯ್ದೆ. ನನ್ನದು ಎಂದೋ ದಾಟಿತ್ತು. ಆದರೆ ಅವಧಿ ಮೀರಿದ ಸಾಲವನ್ನೂ ‘ಕಟ್ಟುತ್ತೇನೆ’ ಅಂತ ಬರೆದು ಸಹಿ ಹಾಕಿದರೆ ಅದು ಹೊಸ ಕರಾರು. ಕಾಂಟ್ರಾಕ್ಟ್ ಕಾಯ್ದೆಯ 25ನೇ ಸೆಕ್ಷನ್ ಹಾಗೆ ಹೇಳುತ್ತದೆ. ಸತ್ತ ಸಾಲಕ್ಕೆ ನಾನೇ ಕೈಯಾರೆ ಜೀವ ಕೊಟ್ಟೆ. ಅದೂ ನನ್ನದಲ್ಲದ ಸಾಲಕ್ಕೆ! 1906ರಿಂದ 1931ರ ಒಳಗೆ ಐದು ದೊಡ್ಡ ಬ್ಯಾಂಕ್ ಹುಟ್ಟಿಸಿದ ಸೀಮೆ ನಮ್ಮದು, ಅಲ್ಲಿಯವನಾಗಿಯೂ ನಾನು ಹೀಗೆ ಮಾಡಿದೆ.

ಎರಡು ವಾರದ ಮೇಲೆ ಅಮ್ಮನ ಬಿಸ್ಕತ್ ಡಬ್ಬಿಯಲ್ಲಿ, ಮೆಸ್ಕಾಂ ಬಿಲ್ಲುಗಳ ಅಡಿಯಲ್ಲಿ, ಬ್ರಾಂಚಿನ ಸೀಲು ಬಿದ್ದ ನನ್ನ 2015ರ ಅರ್ಜಿಯ ಪ್ರತಿ ಸಿಕ್ಕಿತು. ಖುಷಿಯಲ್ಲಿ ಸಿಬಿಲ್‌ನಲ್ಲಿ ಡಿಸ್‌ಪ್ಯೂಟ್ ಹಾಕಿದೆ. ‘ಬದಲಾವಣೆ ಇಲ್ಲ’ ಅಂತ ಉತ್ತರ. ಸಿಬಿಲ್ ನ್ಯಾಯಾಧೀಶ ಅಲ್ಲ. ನಮ್ಮ ತಕರಾರನ್ನು ಬ್ಯಾಂಕಿಗೆ ಕಳಿಸುತ್ತದೆ, ಬ್ಯಾಂಕ್ ಹೌದು ಅಂದರೆ ಹೌದು. ಬ್ಯಾಂಕಿನ ಕೈಯಲ್ಲಿ ನನ್ನದೇ ಸಹಿಯ ಒಪ್ಪಿಗೆ ಇತ್ತಲ್ಲ. ಬ್ಯಾಂಕಿನಲ್ಲಿ ದೂರು ನೋಡುವ ನೋಡಲ್ ಆಫೀಸರಿಗೆ ಬರೆದು, ಅಲ್ಲೂ ಆಗದೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಟ್ಟು (ಅದಕ್ಕೆ ಶುಲ್ಕವಿಲ್ಲ), ಸಿಬಿಲ್‌ನಲ್ಲಿ ಆ ಖಾತೆ ‘ಕ್ಲೋಸ್ಡ್’ ಆಗುವಾಗ ಹನ್ನೊಂದು ತಿಂಗಳು. ಫ್ಲಾಟ್ ಬೇರೆಯವರ ಪಾಲಾಗಿತ್ತು.

ಹಾಗಾಗಿ ‘ಕಟ್ಟಲೋ, ಡಿಸ್‌ಪ್ಯೂಟ್ ಹಾಕಲೋ’ ಎಂಬ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಒಂಬತ್ತು ಸಾವಿರ ಕಟ್ಟಿದರೆ ಹೆಸರು ಕ್ಲೀನ್ ಆಗುವುದಿಲ್ಲ, ‘ಸೆಟಲ್ಡ್’ ಅಂತ ಬರುತ್ತದೆ. ಮುಂದಿನ ಬ್ಯಾಂಕಿನವ ಅದನ್ನು ‘ಪೂರ್ತಿ ಕಟ್ಟದವ’ ಅಂತಲೇ ಓದುತ್ತಾನೆ. ಮೂರು ವರ್ಷ ದಾಟಿದ ಮಾತ್ರಕ್ಕೆ ರಿಪೋರ್ಟಿನಿಂದ ಅಳಿಯುವುದೂ ಇಲ್ಲ. ಆ 31 ಸಾವಿರ ಎಲ್ಲಿಂದ ಬಂತು ಅಂತ ಮೊದಲು ಬ್ಯಾಂಕಿನಿಂದಲೇ (ಏಜೆಂಟಿನಿಂದ ಅಲ್ಲ) ಸ್ಟೇಟ್‌ಮೆಂಟ್ ಕೇಳಿ. ಕೇಳುವ ಪತ್ರದಲ್ಲಿ ‘ನನ್ನ ಬಾಕಿ’ ಅಂತ ಅಪ್ಪಿತಪ್ಪಿಯೂ ಬರೆಯಬೇಡಿ, ‘ನೀವು ತೋರಿಸಿರುವ ಮೊತ್ತ’ ಅನ್ನಿ. ನಿಜಕ್ಕೂ ನೀವು ಖರ್ಚು ಮಾಡಿದ್ದೇ ಆದರೆ ತಕರಾರು ಹಾಕಿ ಪ್ರಯೋಜನವಿಲ್ಲ. ಬ್ಯಾಂಕಿನ ಜೊತೆ ಮಾತಾಡಿ ಬಡ್ಡಿ ಕಡಿಮೆ ಮಾಡಿಸಿ, ಖಾತೆಯನ್ನು ‘ಕ್ಲೋಸ್ಡ್’ ಅಂತಲೇ ವರದಿ ಮಾಡುವುದಾಗಿ ಮೊದಲೇ ಬರೆಸಿಕೊಂಡು ಕಟ್ಟಿ, ನೋ ಡ್ಯೂ ಸರ್ಟಿಫಿಕೇಟ್ (ಬಾಕಿ ಇಲ್ಲವೆಂಬ ಪತ್ರ) ತೆಗೆದುಕೊಳ್ಳಿ. ನಿಮ್ಮದಲ್ಲದಿದ್ದರೆ ಆಧಾರ ಲಗತ್ತಿಸಿ ಬ್ಯಾಂಕಿಗೂ ಸಿಬಿಲ್‌ಗೂ ಒಟ್ಟಿಗೇ ತಕರಾರು ಹಾಕಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ ₹100 ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಇದೆ. ನನ್ನ ಕಾಲಕ್ಕೆ ಇರಲಿಲ್ಲ, ಈಗಲೂ ಹೊಟ್ಟೆ ಉರಿಯುತ್ತದೆ.

ಹಳೇ ಇಮೇಲ್ ಒಮ್ಮೆ ಜಾಲಾಡಿ, 2016ರ ಸ್ಟೇಟ್‌ಮೆಂಟ್ ಅಲ್ಲೇ ಬಿದ್ದಿರಬಹುದು. ಸಿಕ್ಕಿದರೆ ಇಲ್ಲೇ ಕೆಳಗೆ ತಿಳಿಸಿ, ಪತ್ರದ ಒಕ್ಕಣೆ ನಾನು ಬರೆದುಕೊಡುತ್ತೇನೆ.