ಓದುಗರ ಪ್ರಶ್ನೆಗಳು: ರಾಂಚೊ ಗ್ರಾಂದೆಯ ಹಾಡು, ಹಗ್ಗ, ಜಮೀನು

ಪ್ರಶ್ನೆ: 1936ರ ಮೆಕ್ಸಿಕನ್ ಚಿತ್ರ ‘ಅಯಾ ಎನ್ ಎಲ್ ರಾಂಚೊ ಗ್ರಾಂದೆ’ ನೋಡಿದೆ. ಕುದುರೆ, ದೊಡ್ಡ ಟೋಪಿ, ಪಿಸ್ತೂಲು ಎಲ್ಲ ಇವೆ. ಹಾಡುಗಳನ್ನು ಮುಂದಕ್ಕೆ ಓಡಿಸಿ ನೋಡಿದ್ದರಿಂದಲೋ ಏನೋ, ನಾಯಕ ತನ್ನ ಧಣಿಯ ಮೇಲೆ ಯಾಕೆ ತಿರುಗಿಬಿದ್ದ ಎಂಬುದೇ ತಿಳಿಯಲಿಲ್ಲ.
– ಓದುಗರು, ಧಾರವಾಡ

ಉತ್ತರ: ನೀವು ಓಡಿಸಿಬಿಟ್ಟ ಹಾಡಿನಲ್ಲೇ ಆ ಜಗಳ ಹುಟ್ಟುತ್ತದೆ. ಕ್ರೂಸ್ ತಬ್ಬಲಿ ಹುಡುಗಿ. ಆಶ್ರಯ ಕೊಟ್ಟ ಮನೆಯ ಹೆಂಗಸೇ ದುಡ್ಡಿನಾಸೆಗೆ ಅವಳನ್ನು ಧಣಿ ಫೆಲಿಪೆಯ ಬಳಿಗೆ ಕರೆತರುತ್ತಾಳೆ. ಹುಡುಗಿ ಪ್ರಜ್ಞೆ ತಪ್ಪುತ್ತಾಳೆ. ಅವಳು ತನ್ನ ಗೆಳೆಯನೂ ಚಿತ್ರದ ನಾಯಕನೂ ಆದ ಹೊಸೆ ಫ್ರಾನ್ಸಿಸ್ಕೊ ಮದುವೆಯಾಗಬೇಕಾದವಳು ಎಂದು ತಿಳಿದ ಫೆಲಿಪೆ ಅವಳನ್ನು ಮುಟ್ಟದೆ ಮನೆಗೆ ತಲುಪಿಸುತ್ತಾನೆ. ಆದರೆ ಆ ಹೊತ್ತಿನಲ್ಲಿ ಇಬ್ಬರನ್ನೂ ಕಂಡವರಿದ್ದಾರೆ. ಊರೆಲ್ಲ ಗುಸುಗುಸು, ನಾಯಕನಿಗೆ ಮಾತ್ರ ಗೊತ್ತಿಲ್ಲ. ಕುದುರೆ ಪಂದ್ಯ ಗೆದ್ದು ಬಂದ ಅವನೊಡನೆ ಹೆಂಡದಂಗಡಿಯಲ್ಲಿ ಮಾರ್ತಿನ್ ಎಂಬವನು ಸವಾಲ್-ಜವಾಬಿನ ಹಾಡಿಗಿಳಿಯುತ್ತಾನೆ. ಒಂದೊಂದು ಪದ್ಯಕ್ಕೂ ಚುಚ್ಚು ಹೆಚ್ಚುತ್ತ ಹೋಗಿ, ಕೊನೆಗೆ ಗುಟ್ಟು ಎಲ್ಲರೆದುರು ಬಿಚ್ಚಿಕೊಳ್ಳುತ್ತದೆ. ಮಾರ್ತಿನ್ ಆಗಿ ನಟಿಸಿದವರು ಚಿತ್ರದ ಸಂಗೀತಗಾರ ಲೊರೆನ್ಸೊ ಬಾರ್ಸೆಲಾತಾ ಅವರೇ. ಆ ಏರಿಳಿತ ಅಷ್ಟು ಪಳಗಿದಂತೆ ಕೇಳುವುದು ಅದಕ್ಕೇ.

ಮತ್ತೆ ನೋಡುವಾಗ ಹಾಡುಗಳಿಗೂ ಸಬ್‌ಟೈಟಲ್ ಇರುವ ಪ್ರತಿಯನ್ನೇ ಹುಡುಕಿ. ಎಷ್ಟೋ ಪ್ರತಿಗಳಲ್ಲಿ ಮಾತಿಗಷ್ಟೇ ಇರುತ್ತದೆ. ನಿರ್ದೇಶಕ ಫೆರ್ನಾಂದೊ ದೆ ಫುಯೆಂತೆಸ್ ಇದೇ ಹೆಸರಿನಲ್ಲಿ 1949ರಲ್ಲಿ ಇನ್ನೊಮ್ಮೆ ತೆಗೆದರು. ಅದರಲ್ಲಿ ನಾಯಕ ಹೊರ್ಹೆ ನೆಗ್ರೆತೆ. ಮೊದಲನೆಯದರಲ್ಲಿ ತಿತೊ ಗೀಸಾರ್. ಟಿವಿಯ ಚಿತ್ರದ ಅಳತೆಯನ್ನು 4:3ಕ್ಕೆ ಇಡಿ. ಪರದೆ ತುಂಬಲೆಂದು ಎಳೆದರೆ ಮುಖ, ಕುದುರೆ ಎಲ್ಲ ಅಡ್ಡಡ್ಡ ಹಿಗ್ಗುತ್ತವೆ. ಗಾಬ್ರಿಯೆಲ್ ಫಿಗೆರೋವಾ ಅವರ ಛಾಯಾಗ್ರಹಣಕ್ಕೆ 1938ರಲ್ಲಿ ವೆನಿಸ್‌ನಲ್ಲಿ ಪ್ರಶಸ್ತಿ ಬಂದಿದೆ, ಅದನ್ನು ಹಾಗೆ ಕೆಡಿಸಬಾರದು.

ಪ್ರಶ್ನೆ: ಇಂಥ ಚಿತ್ರಗಳಲ್ಲಿ ಸವಾರರು ಹಗ್ಗವನ್ನು ಜೀನಿಗೆ ಕಟ್ಟುವುದೇ ಇಲ್ಲ, ಸುಮ್ಮನೆ ಸುತ್ತುತ್ತಾರೆ. ಜಾರುವುದಿಲ್ಲವೇ?
– ಓದುಗರು, ಹಾಸನ

ಉತ್ತರ: ಜಾರಲಿ ಎಂದೇ ಸುತ್ತುವುದು. ಚಾರ್ರೊ ಎಂಬ ಮೆಕ್ಸಿಕನ್ ಸವಾರರ ಜೀನಿನ ಮುಂದೆ ಅಗಲ ತಲೆಯ ಮರದ ಕೊಂಬಿರುತ್ತದೆ. ಕತ್ತಾಳೆ ಜಾತಿಯ ಗಿಡದ ನಾರಿನ ಹಗ್ಗ ಹುರಿಬಿಗಿಯಾದದ್ದು. ಕುಣಿಕೆ ದನಕ್ಕೆ ಬಿದ್ದ ಕೂಡಲೇ ಹಗ್ಗವನ್ನು ಕೊಂಬಿಗೆ ಸುತ್ತಿ, ಸ್ವಲ್ಪ ಸ್ವಲ್ಪವೇ ಬಿಡುತ್ತ ಓಟ ತಗ್ಗಿಸುತ್ತಾರೆ. ಉಜ್ಜುವ ಬಿಸಿಗೆ ಮರದಿಂದ ಹೊಗೆಯೇಳುವುದೂ ಉಂಟು. ಒಮ್ಮೆಲೇ ಬಿಗಿದರೆ ಆ ಜಗ್ಗಿಗೆ ಜೀನಿನ ಪಟ್ಟಿ ಕಿತ್ತೀತು, ಇಲ್ಲವೇ ಕುದುರೆ ಮುಗ್ಗರಿಸೀತು. ಸುತ್ತುವ ಕೈಯ ಹೆಬ್ಬೆರಳು ಮೇಲ್ಮುಖವಾಗಿರಬೇಕು; ಹಗ್ಗಕ್ಕೂ ಕೊಂಬಿಗೂ ನಡುವೆ ಸಿಕ್ಕಿದರೆ ಬೆರಳೇ ತುಂಡಾಗುತ್ತದೆ. ಟೆಕ್ಸಸ್‌ನಲ್ಲಿ ತುದಿಯನ್ನು ಕೊಂಬಿಗೆ ಗಟ್ಟಿಯಾಗಿ ಕಟ್ಟುವ ರೂಢಿಯಿದೆ. ದನ ತಪ್ಪಿಸಿಕೊಳ್ಳುವುದಿಲ್ಲ ನಿಜ, ಎಡವಟ್ಟಾದರೆ ಸವಾರನಿಗೂ ಬಿಡಿಸಿಕೊಳ್ಳಲಾಗದು.

ಪ್ರಶ್ನೆ: ರಾಂಚೊ ಗ್ರಾಂದೆಯಲ್ಲಿ ಜಮೀನ್ದಾರನನ್ನು ಇಷ್ಟು ಒಳ್ಳೆಯವನಾಗಿ ತೋರಿಸಿದ್ದು ಸರಿಯೇ?
– ಓದುಗರು, ಮೈಸೂರು

ಉತ್ತರ: ಇಲ್ಲ, ಚಿತ್ರದ ದೊಡ್ಡ ಸುಳ್ಳು ಅದೇ. ಅದು ಬಿಡುಗಡೆಯಾದ 1936ರ ಅಕ್ಟೋಬರ್‌ನಲ್ಲೇ ಅಧ್ಯಕ್ಷ ಲಾಸಾರೊ ಕಾರ್ದೆನಾಸ್ ಲಾ ಲಗೂನಾ ಪ್ರದೇಶದ ಹತ್ತಿ ಬೆಳೆಯುವ ಜಮೀನುಗಳನ್ನು ರೈತರಿಗೆ ಹಂಚಲು ಆಜ್ಞೆ ಹೊರಡಿಸಿದರು. ತೆರೆಯ ಮೇಲೆ ಅದರ ಸುಳಿವೂ ಇಲ್ಲ. ಆಳುಗಳ ಕಷ್ಟಕ್ಕೆಲ್ಲ ಧಣಿಯ ಒಳ್ಳೆಯತನವೇ ಮದ್ದು. ಮೆಕ್ಸಿಕನ್ ಕ್ರಾಂತಿಯ ಕಹಿಯನ್ನು ಮುಚ್ಚುಮರೆಯಿಲ್ಲದೆ ತೋರಿಸಿದ್ದ ‘ಬಾಮೊನೊಸ್ ಕೊನ್ ಪಾಂಚೊ ಬೀಯಾ’ ಕೂಡ ಇದೇ ದೆ ಫುಯೆಂತೆಸ್ ಅವರದು. ಅದು ಗಲ್ಲಾಪೆಟ್ಟಿಗೆಯಲ್ಲಿ ಸೋತಿತು, ರಾಂಚೊ ಗ್ರಾಂದೆ ಲ್ಯಾಟಿನ್ ಅಮೆರಿಕದ ಉದ್ದಗಲಕ್ಕೂ ಗೆದ್ದಿತು. ಆಮೇಲೆ ಮೆಕ್ಸಿಕೊದ ನಿರ್ಮಾಪಕರು ಸಾಲುಗಟ್ಟಿ ಹಾಡು-ಕುದುರೆ-ಹಸಿಯೆಂದಾ (ದೊಡ್ಡ ಜಮೀನ್ದಾರಿ) ಚಿತ್ರಗಳನ್ನೇ ತೆಗೆದರು. ಎರಡನ್ನೂ ನೋಡಿ, ಪಾಂಚೊ ಬೀಯಾದ ಚಿತ್ರವನ್ನು ಮೊದಲು.